ಹಿತ್ತಲಿನ ನಾಲ್ಕು ಪಾತಿ: ಆಲೂಗಡ್ಡೆ ಮತ್ತು ಅದರ ಹಿಂದೆಮುಂದೆ ಬರುವ ತರಕಾರಿಗಳು

ಹಿತ್ತಲಲ್ಲಿ ಆಲೂಗಡ್ಡೆ ಹಾಕಿದ ಎಷ್ಟೋ ಜನ ಹೇಳುವುದು ಒಂದೇ ಮಾತು: ಗಿಡ ಸೊಗಸಾಗಿ ಬಂತು, ಕಿತ್ತು ನೋಡಿದರೆ ಗೋಲಿ ಗಾತ್ರದ ನಾಲ್ಕು ಗಡ್ಡೆ. ಗೊಬ್ಬರ ಸಾಲಲಿಲ್ಲವೇನೋ ಎಂದು ಮುಂದಿನ ಸಲ ಇನ್ನೆರಡು ಬುಟ್ಟಿ ಸುರಿಯುತ್ತಾರೆ. ಆಗಲೂ ಅಷ್ಟೇ. ಬಹುಪಾಲು ತಪ್ಪು ಗೊಬ್ಬರದಲ್ಲಿ ಇರುವುದಿಲ್ಲ. ಯಾವ ತಿಂಗಳಲ್ಲಿ ಹಾಕಿದಿರಿ, ಯಾವ ಗಡ್ಡೆ ನೆಟ್ಟಿರಿ, ಈ ಎರಡರಲ್ಲೇ ಮುಕ್ಕಾಲು ಪಾಲು ಇತ್ಯರ್ಥವಾಗಿಬಿಟ್ಟಿರುತ್ತದೆ. ಆದ್ದರಿಂದ ಗುದ್ದಲಿ ಹಿಡಿಯುವ ಮೊದಲಿನ ಕೆಲಸವನ್ನೇ ಇಲ್ಲಿ ಹೆಚ್ಚು ವಿವರವಾಗಿ ಹೇಳಲಾಗಿದೆ.

ಲೆಕ್ಕಕ್ಕೆ ಅನುಕೂಲವಾಗಲೆಂದು 10 ಅಡಿ ಉದ್ದ, 4 ಅಡಿ ಅಗಲದ ನಾಲ್ಕು ಪಾತಿ ಇಟ್ಟುಕೊಳ್ಳೋಣ. ಒಂದರಲ್ಲಿ ಆಲೂಗಡ್ಡೆ, ಉಳಿದ ಮೂರರಲ್ಲಿ ಬೇರೆ ತರಕಾರಿ. ಯಾಕೆ ನಾಲ್ಕೇ ಬೇಕು ಎಂಬುದು ಮುಂದೆ ತಿಳಿಯುತ್ತದೆ.

ಯಾವಾಗ ಹಾಕಬೇಕು

ಆಲೂಗಡ್ಡೆ ಗಿಡ ಹಗಲಿನ ಬಿಸಿಲನ್ನು ಹೇಗೋ ತಡೆದುಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ತಂಪು ರಾತ್ರಿ. ರಾತ್ರಿಯ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಎಲೆಯಲ್ಲಿ ತಯಾರಾದ ಆಹಾರ ಗಡ್ಡೆಗೆ ಇಳಿಯುತ್ತದೆ. ಸೆಕೆಯ ರಾತ್ರಿಗಳಲ್ಲಿ ಅದೇ ಆಹಾರ ಸೊಪ್ಪು ಬೆಳೆಸುವುದಕ್ಕೆ ಮತ್ತು ಗಿಡದ ಉಸಿರಾಟಕ್ಕೆ ಖರ್ಚಾಗಿಹೋಗುತ್ತದೆ. ಸೊಂಟದೆತ್ತರ ಗಿಡ, ಕೆಳಗೆ ಏನೂ ಇಲ್ಲ ಎನ್ನುವುದು ಹೀಗೆ ಆಗುವಂಥದ್ದು.

ಬೆಂಗಳೂರು, ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಮೈಸೂರು ಕಡೆಯವರು ಅಕ್ಟೋಬರ್ ಕೊನೆಯ ವಾರದಿಂದ ನವೆಂಬರ್ 20ರ ಒಳಗೆ ನೆಡಬೇಕು. ಆಗ ಗಡ್ಡೆ ಕಟ್ಟುವ ಸಮಯ ಸರಿಯಾಗಿ ಡಿಸೆಂಬರ್-ಜನವರಿಯ ಚಳಿಗೆ ಬೀಳುತ್ತದೆ, ಫೆಬ್ರವರಿಯಲ್ಲಿ ಕೊಯ್ಲು. ಹಾಸನ, ಚಿಕ್ಕಮಗಳೂರಿನ ರೈತರು ಮುಂಗಾರಿನಲ್ಲಿ, ಮೇ ತಿಂಗಳಿನಿಂದ ಜೂನ್ ಮೊದಲ ವಾರದೊಳಗೆ ನೆಡುವುದು ರೂಢಿ. ಅಲ್ಲಿನ ಮಳೆಗಾಲದ ತಂಪೇ ಅದಕ್ಕೆ ಆಧಾರ. ಆದರೆ ಮಳೆಯ ಜೊತೆಗೆ ಅಂಗಮಾರಿ ರೋಗವೂ ಬರುತ್ತದೆ. ಮನೆಯಲ್ಲಿ ನೀರಿನ ಅನುಕೂಲ ಇರುವವರು ಹಾಸನದಲ್ಲೂ ಹಿಂಗಾರಿನಲ್ಲೇ ಹಾಕುವುದು ಒಳ್ಳೆಯದು. ಬೆಳಗಾವಿ, ಧಾರವಾಡದಲ್ಲಿ ಎರಡೂ ಹಂಗಾಮು ನಡೆಯುತ್ತದೆ. ಬಳ್ಳಾರಿ, ರಾಯಚೂರು, ಕಲಬುರಗಿಯವರಿಗೆ ಚಳಿಗಾಲವೊಂದೇ ದಾರಿ, ಅದೂ ನವೆಂಬರ್ ಮೊದಲ ವಾರ ದಾಟಬಾರದು. ಅಲ್ಲಿನ ಜಿಗುಟು ಎರೆಮಣ್ಣಿನಲ್ಲಿ ಗಡ್ಡೆ ಸೊಟ್ಟಗಾಗುವುದರಿಂದ ಚೀಲದಲ್ಲಿ ಬೆಳೆಯುವುದು ಮೇಲು.

ಕರಾವಳಿಯವರು ಆಲೂಗಡ್ಡೆಗೆ ಶ್ರಮ ಹಾಕದಿರುವುದೇ ಒಳ್ಳೆಯದು. ಮಂಗಳೂರು, ಉಡುಪಿ, ಕಾರವಾರದಲ್ಲಿ ಜನವರಿಯ ರಾತ್ರಿಯೂ ಸಾಕಷ್ಟು ತಂಪಾಗುವುದಿಲ್ಲ. ಅದೇ ಪಾತಿಯಲ್ಲಿ ಗೆಣಸು, ಕೆಸು, ಸುವರ್ಣಗಡ್ಡೆ ಧಾರಾಳವಾಗಿ ಬರುತ್ತವೆ. ಚಳಿದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಲೆಕ್ಕ ಉಲ್ಟಾ: ಹಿಮದ ಕಾಟ ಮುಗಿದ ಮೇಲೆ, ವಸಂತದಲ್ಲಿ ನೆಟ್ಟು ಬೇಸಿಗೆಯಲ್ಲಿ ಕೀಳುವುದು.

ಬಿತ್ತನೆ ಗಡ್ಡೆ

ಅಡುಗೆಮನೆಯ ಬುಟ್ಟಿಯಲ್ಲಿ ಮೊಳಕೆ ಬಂದ ಆಲೂಗಡ್ಡೆಯನ್ನು ನೆಟ್ಟರೆ ಗಿಡ ಬರುವುದಿಲ್ಲವೆಂದಲ್ಲ, ಬರುತ್ತದೆ. ತೊಂದರೆ ಇರುವುದು ಬೇರೆ ಕಡೆ. ತಿನ್ನಲು ಬೆಳೆದ ಗಡ್ಡೆಯಲ್ಲಿ ನಂಜಾಣು ಅಂದರೆ ವೈರಸ್ ಸೇರಿಕೊಂಡಿರುವ ಸಂಭವ ಹೆಚ್ಚು. ಹೊರಗಿನಿಂದ ನೋಡಿದರೆ ಏನೂ ಕಾಣದು. ಗಿಡವಾದ ಮೇಲೆ ಎಲೆ ಮುದುಡಿ, ಗಿಡ ಗಿಡ್ಡಾಗಿ, ಇಳುವರಿ ಅರ್ಧಕ್ಕೆ ಬೀಳುತ್ತದೆ. ಇನ್ನೂ ಅಪಾಯಕಾರಿಯಾದದ್ದು ದುಂಡಾಣು ಅಂದರೆ ಬ್ಯಾಕ್ಟೀರಿಯಾ ತರುವ ಸೊರಗು ರೋಗ. ಅದು ಗಡ್ಡೆಯ ಜೊತೆ ನಿಮ್ಮ ಮಣ್ಣಿಗೆ ಒಮ್ಮೆ ಬಂದರೆ ವರ್ಷಗಟ್ಟಲೆ ಅಲ್ಲೇ ಉಳಿದು ಟೊಮೆಟೊ, ಬದನೆ, ಮೆಣಸಿನಕಾಯಿಗೂ ಕೈ ಹಾಕುತ್ತದೆ. ಒಂದು ಕಿಲೋ ಗಡ್ಡೆಯ ಉಳಿತಾಯಕ್ಕೆ ಹಿತ್ತಲನ್ನೇ ಪಣಕ್ಕಿಡಬೇಡಿ.

ಪ್ರಮಾಣೀಕೃತ ಬಿತ್ತನೆ ಗಡ್ಡೆಯನ್ನೇ ಕೇಳಿ ತನ್ನಿ. ಕರ್ನಾಟಕಕ್ಕೆ ಬಿತ್ತನೆ ಗಡ್ಡೆ ಬಹುಪಾಲು ಬರುವುದು ಪಂಜಾಬಿನ ಜಲಂಧರ್ ಕಡೆಯಿಂದ. ಹಾಸನದ ಎಪಿಎಂಸಿ ಪ್ರಾಂಗಣದಲ್ಲಿ ಮುಂಗಾರಿಗೆ ಮುಂಚೆ ಮಾರಾಟ ನಡೆಯುತ್ತದೆ. ನಮ್ಮಲ್ಲಿ ಹೆಚ್ಚು ಬೆಳೆಯುವ ತಳಿ ಕುಫ್ರಿ ಜ್ಯೋತಿ, 90ರಿಂದ 100 ದಿನದ್ದು. ಕುಫ್ರಿ ಎಂಬುದು ಶಿಮ್ಲಾ ಹತ್ತಿರದ ಊರಿನ ಹೆಸರು, ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯ ತಳಿಗಳಿಗೆಲ್ಲ ಈ ಹೆಸರೇ ಮುಂದೆ ಇರುತ್ತದೆ. ಜ್ಯೋತಿ ಬಂದಾಗ ಅದಕ್ಕೆ ಅಂಗಮಾರಿಯನ್ನು ತಡೆಯುವ ಶಕ್ತಿ ಇತ್ತು, ಈಗ ಅದನ್ನು ನಂಬುವಂತಿಲ್ಲ. ಮಳೆಗಾಲಕ್ಕೆ ಹಾಕುವುದಾದರೆ ಅಂಗಮಾರಿಯನ್ನು ಹೆಚ್ಚು ತಡೆಯುವ ಕುಫ್ರಿ ಹಿಮಾಲಿನಿ ಅಥವಾ ಕುಫ್ರಿ ಕರಣ್ ಸಿಕ್ಕರೆ ಬಿಡಬೇಡಿ. ಸ್ವಲ್ಪ ಸೆಕೆ ಇರುವ ಕಡೆಗೆ ಕುಫ್ರಿ ಸೂರ್ಯ. ಹಾಸನ ಭಾಗದ ಕೆಲವು ನರ್ಸರಿಗಳಲ್ಲಿ ಅಂಗಾಂಶ ಕೃಷಿಯ (ಟಿಶ್ಯೂ ಕಲ್ಚರ್) ತಾಯಿಗಿಡದ ಕುಡಿ ಕತ್ತರಿಸಿ ಬೇರು ಬರಿಸಿದ ಆಲೂಗಡ್ಡೆ ಸಸಿಗಳೂ ಸಿಗುತ್ತವೆ. ರೋಗರಹಿತ ಆರಂಭಕ್ಕೆ ಅದೂ ಒಳ್ಳೆಯ ದಾರಿ.

ಒಂದು ಪಾತಿಗೆ ಎಷ್ಟು ಬೇಕು? 2 ಅಡಿ ಅಂತರದಲ್ಲಿ ಎರಡು ಸಾಲು, ಸಾಲಿನಲ್ಲಿ 8 ಅಂಗುಲಕ್ಕೊಂದು ಗಡ್ಡೆ. ಅಲ್ಲಿಗೆ 30 ಗಡ್ಡೆ. ಕೋಳಿಮೊಟ್ಟೆಗಿಂತ ಕೊಂಚ ಚಿಕ್ಕದು, ಸುಮಾರು 40 ಗ್ರಾಂ ತೂಕದ ಗಡ್ಡೆ ಆರಿಸಿದರೆ 1.2 ಕಿಲೋ. ಒಂದೆರಡು ಕೊಳೆಯುವುದನ್ನು ಎಣಿಸಿ ಒಂದೂವರೆ ಕಿಲೋ ತನ್ನಿ.

ಈ ಗಾತ್ರದ್ದಾದರೆ ಇಡೀ ಗಡ್ಡೆಯನ್ನೇ ನೆಡಿ. ದೊಡ್ಡದಿದ್ದರೆ ಮಾತ್ರ, ತುಂಡಿಗೆ ಎರಡು-ಮೂರು ಕಣ್ಣು ಬರುವಂತೆ, 35-40 ಗ್ರಾಂಗೆ ಕಡಿಮೆಯಾಗದಂತೆ ಉದ್ದುದ್ದ ಸೀಳಬೇಕು. ಕಣ್ಣುಗಳು ಗುಂಪಾಗಿರುವುದು ಗಡ್ಡೆಯ ಒಂದು ತುದಿಯಲ್ಲಿ. ಅಡ್ಡ ಕತ್ತರಿಸಿದರೆ ಒಂದು ತುಂಡಿಗೆ ಎಲ್ಲಾ ಕಣ್ಣು, ಇನ್ನೊಂದಕ್ಕೆ ಬರೀ ಹಿಟ್ಟು. ಪ್ರತಿ ಗಡ್ಡೆ ಕತ್ತರಿಸಿದ ಮೇಲೂ ಚಾಕುವನ್ನು ಕುದಿಯುವ ನೀರಿಗೆ ಅಥವಾ ಸ್ಪಿರಿಟ್‌ಗೆ ಅದ್ದಿ. ಹೋಳು ಮಾಡಿದಾಗ ಒಳಗೆ ಕಂದು ಬಣ್ಣದ ಉಂಗುರ ಕಂಡರೆ ಆ ಗಡ್ಡೆ ಸೊರಗು ರೋಗದ್ದು. ಅದನ್ನು ಗೊಬ್ಬರದ ಗುಂಡಿಗೂ ಹಾಕದೆ ಸುಟ್ಟುಬಿಡಿ. ಕತ್ತರಿಸಿದ ತುಂಡುಗಳನ್ನು ನೆರಳಿನಲ್ಲಿ, ಒದ್ದೆ ಗೋಣಿಚೀಲದ ಮೇಲೆ ಎರಡು-ಮೂರು ದಿನ ಹರಡಿಟ್ಟರೆ ಗಾಯದ ಮೇಲೆ ತೆಳುವಾದ ಸಿಪ್ಪೆ ಕಟ್ಟುತ್ತದೆ. ಬೆರಳಿಟ್ಟರೆ ಅಂಟದೆ ಒಣ ಬಟ್ಟೆ ಮುಟ್ಟಿದ ಹಾಗಿರಬೇಕು. ಹಸಿ ಗಾಯದ ಗಡ್ಡೆ ಮಣ್ಣಿಗೆ ಹೋದರೆ ಒಂದು ಜೋರು ಮಳೆ ಸಾಕು, ಕೊಳೆತು ನೀರಾಗುತ್ತದೆ. ಮಳೆಗಾಲದ ಬಿತ್ತನೆಗೆ ಗಡ್ಡೆ ಕತ್ತರಿಸಲೇಬೇಡಿ.

ಮೊಳಕೆ ಬರಿಸುವುದು

ಹೊಸದಾಗಿ ಕಿತ್ತ ಗಡ್ಡೆ ಎರಡು-ಎರಡೂವರೆ ತಿಂಗಳು ನಿದ್ದೆಯಲ್ಲಿರುತ್ತದೆ, ಏನು ಮಾಡಿದರೂ ಚಿಗುರದು. ಶೈತ್ಯಾಗಾರದಿಂದ ಬಂದದ್ದನ್ನು ತಂದ ದಿನವೇ ನೆಡಬಾರದು. ರಟ್ಟಿನ ತಟ್ಟೆಗಳಲ್ಲಿ ಒಂದೇ ಪದರವಾಗಿ, ಕಣ್ಣು ಮೇಲೆ ಬರುವಂತೆ ಜೋಡಿಸಿ, ನೇರ ಬಿಸಿಲು ಬೀಳದ ಆದರೆ ಬೆಳಕಿರುವ ಜಾಗದಲ್ಲಿ ಎರಡು-ಮೂರು ವಾರ ಇಡಿ. ಹಳೆಯ ಮೊಟ್ಟೆ ಟ್ರೇ ಇದಕ್ಕೆ ಹೇಳಿ ಮಾಡಿಸಿದ್ದು.

ಬೆಳಕಿನಲ್ಲಿ ಬಂದ ಮೊಳಕೆ ಒಂದು ಸೆಂಟಿಮೀಟರಿನಷ್ಟೇ ಉದ್ದ, ದಪ್ಪ, ಹಸಿರು ಅಥವಾ ನೇರಳೆ ಬಣ್ಣ, ಬುಡದಲ್ಲಿ ಬೇರಿನ ಸಣ್ಣ ಗುಳ್ಳೆಗಳು. ಕತ್ತಲೆಯಲ್ಲಿ ಬಂದದ್ದು ಉದ್ದ, ಬಿಳಿ, ನೂಲಿನ ಹಾಗೆ, ನೆಡುವಾಗಲೇ ಮುರಿಯುತ್ತದೆ. ಮುರಿದ ಜಾಗದಲ್ಲಿ ಮತ್ತೆ ಚಿಗುರಿದರೂ ಗಡ್ಡೆಯ ಕಸುವು ಅಷ್ಟು ಕಡಿಮೆಯಾಗಿರುತ್ತದೆ. ಮೂರು ವಾರವಾದರೂ ಮೊಳಕೆ ಏಳದ ಗಡ್ಡೆ, ಕೂದಲೆಳೆಯಂಥ ಮೊಳಕೆ ಬಂದ ಗಡ್ಡೆ ಎರಡನ್ನೂ ತೆಗೆದುಹಾಕಿ.

ಪಾತಿ ಸಿದ್ಧತೆ

ದಿನಕ್ಕೆ ಕಡಿಮೆಯೆಂದರೆ ಆರು ಗಂಟೆ ಬಿಸಿಲು ಬೀಳುವ ಜಾಗ ಬೇಕು. ತೆಂಗಿನ ಮರದಡಿ ಸೊಪ್ಪು ಬಂದೀತು, ಗಡ್ಡೆ ಬಾರದು. ಒಂದಡಿ ಆಳ ಅಗೆದು, ಕಲ್ಲು-ಹೆಂಟೆ ತೆಗೆದು ಒಂದು ವಾರ ಬಿಸಿಲಿಗೆ ಬಿಡಿ. ಮೇಲೆ ಬಂದ ಗೊಣ್ಣೆ ಹುಳುಗಳನ್ನು ಕಾಗೆ, ಮೈನಾಗಳೇ ಹೆಕ್ಕಿ ತಿನ್ನುತ್ತವೆ.

ಪಾತಿಗೆ 15 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಕಿಲೋ ಬೇವಿನ ಹಿಂಡಿ. ಗೊಬ್ಬರಕ್ಕೆ 15 ದಿನ ಮುಂಚೆಯೇ 100ರಿಂದ 150 ಗ್ರಾಂ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಕಲಸಿ, ತೇವ ಮಾಡಿ, ನೆರಳಲ್ಲಿ ಗೋಣಿ ಹೊದಿಸಿಟ್ಟರೆ ಕೊಳೆ ರೋಗಕ್ಕೆ ಕಡಿವಾಣ. ರಾಸಾಯನಿಕ ಗೊಬ್ಬರ ಬಳಸುವವರು ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 17:17:17 ಅನ್ನು ಪಾತಿಗೆ 200 ಗ್ರಾಂ ನೆಡುವಾಗ, 40 ಗ್ರಾಂ ಯೂರಿಯಾ ಮೊದಲ ಸಲ ಮಣ್ಣು ಏರಿಸುವಾಗ ಕೊಟ್ಟರೆ ಸಾಕು. ಇದಕ್ಕಿಂತ ಹೆಚ್ಚು ಸಾರಜನಕ ಕೊಟ್ಟರೆ ಗಿಡ ಸೊಪ್ಪಿಗೇ ಹೋಗುತ್ತದೆ, ಗಡ್ಡೆ ತಡವಾಗುತ್ತದೆ.

ಕಳಿಯದ ಸೆಗಣಿ ಬೇಡವೇ ಬೇಡ. ಅದರ ವಾಸನೆಗೆ ದುಂಬಿಗಳು ಬಂದು ಮೊಟ್ಟೆಯಿಡುತ್ತವೆ, ಗೊಣ್ಣೆ ಹುಳು ಗಡ್ಡೆಯಲ್ಲಿ ಗುಂಡಿ ತೋಡುತ್ತದೆ. ಒಲೆ ಬೂದಿಯ ವಿಷಯದಲ್ಲೂ ಕೈ ಬಿಗಿ ಹಿಡಿಯಿರಿ. ಬೂದಿಯಲ್ಲಿ ಪೊಟ್ಯಾಷ್ ಇದೆ, ಗಡ್ಡೆಗೆ ಒಳ್ಳೆಯದು ಎಂದು ಬುಟ್ಟಿಗಟ್ಟಲೆ ಸುರಿಯುವುದುಂಟು. ಪೊಟ್ಯಾಷ್ ಇರುವುದು ನಿಜ, ಆದರೆ ಬೂದಿ ಸುಣ್ಣದ ಹಾಗೆ ಮಣ್ಣಿನ ಹುಳಿ ಮುರಿಯುತ್ತದೆ. ಆಲೂಗಡ್ಡೆಗೆ ಇಷ್ಟವಾದದ್ದು ಸ್ವಲ್ಪ ಹುಳಿ ಮಣ್ಣು, ರಸಸಾರ (ಪಿಎಚ್) 5.5ರಿಂದ 6.5. ಅದು 7 ದಾಟಿದಂತೆ ಸಿಪ್ಪೆಯ ಮೇಲೆ ಒರಟು ಕಜ್ಜಿ ಏಳುತ್ತದೆ. ಪಾತಿಗೆ ಎರಡು ಹಿಡಿ ಬೂದಿ, ಅದಕ್ಕೆ ಮೇಲೆ ಬೇಡ.

ನೆಡುವುದು, ಮಣ್ಣು ಏರಿಸುವುದು

ಹಿಂದಿನ ದಿನ ಪಾತಿಗೆ ನೀರು ಹಾಯಿಸಿ, ಮರುದಿನ ಮಣ್ಣು ಉಂಡೆ ಕಟ್ಟಿದರೆ ನಿಲ್ಲುವಷ್ಟು ಹದವಾದಾಗ 4 ಅಂಗುಲ ಆಳದ ಸಾಲು ತೆಗೆಯಿರಿ. ಮೊಳಕೆ ಮೇಲೆ ಮಾಡಿ ಗಡ್ಡೆ ಕೂರಿಸಿ, ಅದರ ಮೇಲೆ 2-3 ಅಂಗುಲ ಮಣ್ಣು ಬರುವಂತೆ ಮುಚ್ಚಿ. ಮೊಳಕೆ ನೆಲ ಬಿಟ್ಟು ಏಳುವ ತನಕ, ಅಂದರೆ 10ರಿಂದ 15 ದಿನ, ಮಣ್ಣು ತೀರಾ ಒಣಗದಿದ್ದರೆ ಸಾಕು. ಈ ಹೊತ್ತಿನಲ್ಲಿ ದಿನಾ ಬಕೆಟ್ ಸುರಿಯುವುದೇ ಗಡ್ಡೆ ಕೊಳೆಯಲು ಮುಖ್ಯ ಕಾರಣ.

ಗಡ್ಡೆ ಎಂಬುದು ಬೇರಲ್ಲ. ನೆಟ್ಟ ಗಡ್ಡೆಯ ಮೇಲಿನ ಕಾಂಡ ಮಣ್ಣಿನೊಳಗೆ ಅಡ್ಡಡ್ಡ ಬಿಳಿ ಕುಡಿಗಳನ್ನು ಚಾಚುತ್ತದೆ, ಆ ಕುಡಿಯ ತುದಿ ಉಬ್ಬಿದರೆ ಅದೇ ಆಲೂಗಡ್ಡೆ. ಹಾಗಾಗಿ ಹೊಸ ಗಡ್ಡೆ ಕಟ್ಟುವುದು ನೆಟ್ಟ ಗಡ್ಡೆಗಿಂತ ಮೇಲೆ. ಅಲ್ಲಿ ಮಣ್ಣಿಲ್ಲದಿದ್ದರೆ ಆ ಕುಡಿ ಬೆಳಕಿಗೆ ಬಂದು ಎಲೆ ಬಿಡುತ್ತದೆ, ಗಡ್ಡೆಯಾಗುವುದಿಲ್ಲ. ಮಣ್ಣು ಏರಿಸುವುದು ಇದಕ್ಕೇ.

ಗಿಡ 6-8 ಅಂಗುಲ ಎತ್ತರವಾದಾಗ, ಸುಮಾರು 25ನೇ ದಿನ, ಎರಡು ಸಾಲಿನ ನಡುವಿನ ಮಣ್ಣನ್ನು ಸಡಿಲ ಮಾಡಿ ಎರಡೂ ಕಡೆಯಿಂದ ಬುಡಕ್ಕೆ ಎಳೆಯಿರಿ. ಗಿಡದ ಮೂರನೇ ಒಂದು ಭಾಗ ಮುಚ್ಚಿದರೂ ಚಿಂತೆಯಿಲ್ಲ. 15 ದಿನ ಬಿಟ್ಟು ಇನ್ನೊಮ್ಮೆ. ಕೊನೆಗೆ ಮಣ್ಣಿನ ದಿಂಡು 8-10 ಅಂಗುಲ ಎತ್ತರ, ಬುಡ ಅಗಲವಾಗಿರಬೇಕು. ಎರಡನೇ ಸಲದ ನಂತರ ಗುದ್ದಲಿ ಆಡಿಸಬೇಡಿ, ಕುಡಿಗಳು ಕತ್ತರಿಸಿಹೋಗುತ್ತವೆ. ಕಳೆಯನ್ನು ಕೈಯಲ್ಲೇ ಕೀಳಿ. ದಿಂಡಿನ ಮೇಲೆ ಒಣಹುಲ್ಲು ಅಥವಾ ತರಗೆಲೆ ಹೊದಿಸಿದರೆ ಮಣ್ಣು ತಂಪಾಗಿರುತ್ತದೆ, ಮಳೆಗೆ ಕೊಚ್ಚಿಹೋಗುವುದಿಲ್ಲ. ಮಣ್ಣು ಬಿರುಕು ಬಿಟ್ಟು ಗಡ್ಡೆ ಕಂಡರೆ ಆಗಲೇ ಮುಚ್ಚಿ: ಬೆಳಕು ತಾಗಿದ ಗಡ್ಡೆ ಹಸಿರಾಗುತ್ತದೆ, ಕಹಿ ವಿಷ ತುಂಬುತ್ತದೆ. ಗಡ್ಡೆ ಪತಂಗ ಮೊಟ್ಟೆ ಇಡುವುದೂ ಇಂಥ ಬಿರುಕಿನಲ್ಲೇ.

ಚೀಲದಲ್ಲಿ ಬೆಳೆಯುವವರು 15 ಅಂಗುಲ ಅಗಲ, 15 ಅಂಗುಲ ಎತ್ತರದ ಗ್ರೋ ಬ್ಯಾಗ್‌ಗೆ ಎರಡೇ ಗಡ್ಡೆ ಹಾಕಬೇಕು. ಕೆಂಪುಮಣ್ಣು, ತೆಂಗಿನ ನಾರಿನ ಪುಡಿ, ಕಾಂಪೋಸ್ಟ್ ಸಮಪಾಲು. ಮೊದಲು ಅರ್ಧ ಚೀಲ ತುಂಬಿ ನೆಟ್ಟು, ಗಿಡ ಬೆಳೆದಂತೆ ಎರಡು ಕಂತಿನಲ್ಲಿ ಉಳಿದದ್ದು ತುಂಬಿ. ಡ್ರಮ್ಮಿನಲ್ಲಿ ಮಣ್ಣು ಏರಿಸುತ್ತಾ ಹೋದರೆ ಮಹಡಿ ಮಹಡಿಯಾಗಿ ಗಡ್ಡೆ ಬರುತ್ತದೆ ಎಂದು ವಿಡಿಯೋಗಳಲ್ಲಿ ತೋರಿಸುವುದನ್ನು ನಂಬಬೇಡಿ. ಜ್ಯೋತಿಯಂಥ ಮೂರು ತಿಂಗಳ ತಳಿ ಗಡ್ಡೆ ಕಟ್ಟುವುದು ಕೆಳಗಿನ ಒಂದು ಪದರದಲ್ಲಿ, ಮೇಲೆ ಸುರಿದ ಮಣ್ಣು ದಂಡ. ತಾರಸಿಯಲ್ಲಿ ಚೀಲದ ಮೈ ಕಾದರೆ ಬೇರು ಬೇಯುತ್ತದೆ. ಚೀಲಗಳನ್ನು ಒತ್ತಾಗಿ ಜೋಡಿಸಿ, ಬಿಸಿಲು ಬೀಳುವ ಬದಿಗೆ ಗೋಣಿ ಮರೆ ಕಟ್ಟಿ.

ನೀರಿನ ಲೆಕ್ಕ: 25ರಿಂದ 70ನೇ ದಿನದವರೆಗೆ ಮಣ್ಣು ಎಂದೂ ಒಣಗಬಾರದು. ಬೆರಳು ಎರಡು ಗೆಣ್ಣು ಇಳಿಸಿ ನೋಡಿ, ತಂಪು ತಗಲದಿದ್ದರೆ ನೀರು ಕೊಡಿ. ಸಾಧಾರಣವಾಗಿ ಪಾತಿಗೆ ನಾಲ್ಕೈದು ದಿನಕ್ಕೊಮ್ಮೆ, ಚೀಲಕ್ಕೆ ದಿನ ಬಿಟ್ಟು ದಿನ. ಒಂದು ವಾರ ಒಣಗಿಸಿ ಆಮೇಲೆ ತೊಯ್ಯಿಸಿದರೆ, ನಿಂತಿದ್ದ ಗಡ್ಡೆ ಮತ್ತೆ ಬೆಳೆಯಲು ಹೊರಟು ಶುಂಠಿಯ ಹಾಗೆ ಗಂಟುಗಂಟಾಗುತ್ತದೆ, ಇಲ್ಲವೇ ಸೀಳುತ್ತದೆ. ನೀರು ಬುಡಕ್ಕೆ ಹೋಗಲಿ, ಎಲೆ ತೊಯ್ಯದಿರಲಿ.

ಹೂ ಬಿಡದಿದ್ದರೆ ಗಾಬರಿ ಬೇಡ, ಹೂವಿಗೂ ಗಡ್ಡೆಗೂ ಸಂಬಂಧವಿಲ್ಲ. ಹೂವಿನ ನಂತರ ಚಿಕ್ಕ ಟೊಮೆಟೊದಂಥ ಹಸಿರು ಕಾಯಿ ಬಿಟ್ಟರೆ ಕಿತ್ತೆಸೆಯಿರಿ. ಅದು ವಿಷ, ಮನೆಯಲ್ಲಿ ಮಕ್ಕಳಿದ್ದರೆ ವಿಶೇಷವಾಗಿ ನೋಡಿಕೊಳ್ಳಿ.

ಅಂಗಮಾರಿ ಮತ್ತು ಸೊರಗು

ಮೋಡ ಕವಿದ, ಜಿಟಿಜಿಟಿ ಮಳೆಯ, ತಂಪು ದಿನಗಳು ನಾಲ್ಕೈದು ಸಾಲಾಗಿ ಬಂದರೆ ಬೆಳಿಗ್ಗೆ ಎದ್ದ ಕೂಡಲೇ ಗಿಡ ನೋಡಿ. ಎಲೆಯ ಅಂಚಿನಲ್ಲಿ ಬಿಸಿನೀರು ಬಿದ್ದಂಥ ತೇವದ ಕಪ್ಪು ಮಚ್ಚೆ. ಎಲೆ ಮಗುಚಿದರೆ ಮಚ್ಚೆಯ ಸುತ್ತ ಹತ್ತಿಯ ನವಿರಿನಂಥ ಬಿಳಿ ಬೂಷ್ಟು. ಬಿಸಿಲೇರಿದರೆ ಆ ಬಿಳಿ ಕಾಣುವುದಿಲ್ಲ, ಅದಕ್ಕೇ ಬೆಳಿಗ್ಗೆ. ಇದೇ ಅಂಗಮಾರಿ, 1845ರಲ್ಲಿ ಐರ್ಲೆಂಡಿನ ಬೆಳೆ ನಾಶ ಮಾಡಿ ಬರಗಾಲ ತಂದದ್ದು. ಮಚ್ಚೆ ಕಂಡ ಮೇಲೆ ಒಂದು ವಾರದಲ್ಲಿ ಪಾತಿ ಪೂರಾ ಕರಕಲಾಗಬಹುದು. ಆದ್ದರಿಂದ ಔಷಧಿ ಮೊದಲೇ ಹೊಡೆದಿರಬೇಕು.

ಅಡಿಕೆ ತೋಟದವರಿಗೆ ಗೊತ್ತಿರುವ ಶೇ. 1ರ ಬೋರ್ಡೋ ದ್ರಾವಣ ಇಲ್ಲಿಗೂ ಆಗುತ್ತದೆ. ಐದು ಲೀಟರಿಗೆ 50 ಗ್ರಾಂ ಮೈಲುತುತ್ತ, 50 ಗ್ರಾಂ ಸುಟ್ಟ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಎರಡೂವರೆ ಲೀಟರ್ ನೀರಿಗೆ ಕರಗಿಸಿ, ಸುಣ್ಣದ ತಿಳಿಗೆ ತುತ್ತದ ನೀರನ್ನು ನಿಧಾನವಾಗಿ ಸುರಿಯುತ್ತಾ ಕಡ್ಡಿಯಲ್ಲಿ ಕಲಕಬೇಕು. ತಿಳಿ ಆಕಾಶನೀಲಿ ಬಣ್ಣ ಬರುತ್ತದೆ. ಹೊಳೆಯುವ ಕಬ್ಬಿಣದ ಚಾಕು ಅದರಲ್ಲಿ ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ನೀರು ಸೇರಿಸಿ. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಮಾಡಿದ ದಿನವೇ ಬಳಸಬೇಕು, ಎಲೆಯ ಕೆಳಮೈಗೂ ತಾಗಬೇಕು. ಇದು ಕಷ್ಟವೆನಿಸಿದರೆ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ, ಲೀಟರಿಗೆ 2 ಗ್ರಾಂ. ಮೋಡದ ವಾತಾವರಣ ಇರುವ ತನಕ ವಾರ-ಹತ್ತು ದಿನಕ್ಕೊಮ್ಮೆ. ಡಬ್ಬದ ಮೇಲೆ ಬರೆದಿರುವ ಕೊಯ್ಲಿನ ಮುಂಚಿನ ಅಂತರ ಪಾಲಿಸಿ.

ಅರ್ಧಕ್ಕಿಂತ ಹೆಚ್ಚು ಎಲೆ ಹೋದರೆ ಗಿಡ ಉಳಿಸುವ ಆಸೆ ಬಿಟ್ಟು ಕಾಂಡವನ್ನು ನೆಲಮಟ್ಟಕ್ಕೆ ಕತ್ತರಿಸಿ ಹೊರಗೆ ಸಾಗಿಸಿ. ಎರಡು ವಾರ ಬಿಟ್ಟು ಗಡ್ಡೆ ಕಿತ್ತರೆ ಬಂದಷ್ಟಾದರೂ ಉಳಿಯುತ್ತದೆ.

ಸೊರಗು ರೋಗದಲ್ಲಿ ಎಲೆ ಹಸಿರಾಗಿಯೇ ಇದ್ದು, ನೀರಿದ್ದರೂ ಗಿಡ ಹಗಲಲ್ಲಿ ಬಾಡಿ ನಿಲ್ಲುತ್ತದೆ, ಎರಡು ದಿನದಲ್ಲಿ ಮತ್ತೆ ಏಳುವುದೇ ಇಲ್ಲ. ಅನುಮಾನ ಬಂದರೆ ಬುಡದ ಹತ್ತಿರ ಎರಡು ಅಂಗುಲ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಲ್ಲಿ ತುದಿ ಮುಳುಗುವಂತೆ ಅಲ್ಲಾಡದೆ ಹಿಡಿಯಿರಿ. ಕೆಲವು ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನ ಎಳೆಯಂಥದ್ದು ಕೆಳಕ್ಕೆ ಇಳಿಯತೊಡಗಿದರೆ ಅದು ದುಂಡಾಣು. ಇದಕ್ಕೆ ಔಷಧಿಯಿಲ್ಲ. ಸುತ್ತಲಿನ ಮಣ್ಣಿನ ಸಮೇತ ಗಿಡ ತೆಗೆದು ಸುಟ್ಟು, ಬಳಸಿದ ಗುದ್ದಲಿ ತೊಳೆದು, ಆ ಪಾತಿಯ ನೀರು ಪಕ್ಕದ್ದಕ್ಕೆ ಹರಿಯದಂತೆ ಕಟ್ಟೆ ಹಾಕಿ. ಆ ಪಾತಿಗೆ ಕಡಿಮೆಯೆಂದರೆ ಮೂರು ವರ್ಷ ಜೋಳ, ರಾಗಿ, ಸೊಪ್ಪು, ಹುರುಳಿಕಾಯಿ ಮಾತ್ರ.

ಸಸ್ಯಹೇನು, ಜಿಗಿಹುಳುವಿಗೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಜೊತೆಗೆ ಒಂದೆರಡು ಮಿಲಿ ಸೋಪಿನ ದ್ರಾವಣ, ಸಂಜೆ ಹೊತ್ತು. ಇಷ್ಟು ಸಾಕು.

ಉಳಿದ ಮೂರು ಪಾತಿ

ಆಲೂಗಡ್ಡೆ, ಟೊಮೆಟೊ, ಬದನೆ, ಹಸಿಮೆಣಸು, ದೊಣ್ಣೆಮೆಣಸು ಒಂದೇ ಕುಟುಂಬದವು. ಒಂದಕ್ಕೆ ಬಂದ ಸೊರಗು ಇನ್ನೊಂದಕ್ಕೆ ಕಾದಿರುತ್ತದೆ, ಅಂಗಮಾರಿ ಆಲೂವಿನಿಂದ ಟೊಮೆಟೊಗೆ ಗಾಳಿಯಲ್ಲೇ ಹಾರುತ್ತದೆ. ಆದ್ದರಿಂದ ಇವೆಲ್ಲವನ್ನೂ ಸೇರಿಸಿ ಒಂದು ಗುಂಪೆಂದು ಎಣಿಸಿ, ವರ್ಷಕ್ಕೆ ಒಂದೇ ಪಾತಿ ಕೊಡಿ. ಇವುಗಳಿದ್ದ ಪಾತಿಗೆ ಮುಂದಿನ ವರ್ಷ ಬೀನ್ಸ್-ಅಲಸಂದೆಯಂಥ ದ್ವಿದಳ, ಅದರ ಮುಂದಿನ ವರ್ಷ ಸೊಪ್ಪು ಮತ್ತು ಬೇರು ತರಕಾರಿ, ನಂತರ ಬೆಂಡೆ ಅಥವಾ ಬಳ್ಳಿ. ನಾಲ್ಕನೇ ವರ್ಷ ದಾಟಿ ಆಲೂಗಡ್ಡೆ ಮೊದಲಿನ ಜಾಗಕ್ಕೆ ಮರಳುತ್ತದೆ. ನಾಲ್ಕು ಪಾತಿ ಬೇಕೆಂದದ್ದು ಇದಕ್ಕೆ. ಹಾಗಾದರೆ ಆಲೂಗಡ್ಡೆ ಇರುವ ಚಳಿಗಾಲದಲ್ಲಿ ಟೊಮೆಟೊ ಎಲ್ಲಿ ಎಂದರೆ, ದೂರದಲ್ಲಿ ಚೀಲದಲ್ಲಿ.

ಬೀನ್ಸ್‌ಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್ ಪೊದೆ ತಳಿ ಹಿತ್ತಲಿಗೆ ಅನುಕೂಲ, ಚಪ್ಪರ ಬೇಡ. ಒಂದೂವರೆ ಅಡಿ ಸಾಲು, ಅರ್ಧ ಅಡಿಗೊಂದು ಬೀಜ, ಒಂದಂಗುಲ ಆಳ. 50 ದಿನದ ಹೊತ್ತಿಗೆ ಕಾಯಿ. ಬೀಜ ಕೊಳೆಯುವುದು ಹೆಚ್ಚಾಗಿ ನೆನೆಸಿ ಬಿತ್ತುವುದರಿಂದ. ಬೀನ್ಸ್ ಬೀಜ ನೆನೆಸಬೇಡಿ. ಬೆಂಡೆ ಇದಕ್ಕೆ ಉಲ್ಟಾ, ರಾತ್ರಿಯಿಡೀ ನೆನೆಯಬೇಕು. ಅದೇ ಸಂಸ್ಥೆಯ ಅರ್ಕಾ ಅನಾಮಿಕಾ ತಳಿ ಹಳದಿ ನಂಜು ರೋಗವನ್ನು ತಡೆಯಲೆಂದು ಬಂದದ್ದು, ಈಗ ಅದನ್ನು ಪೂರ್ತಿ ನಂಬುವಂತಿಲ್ಲ. ಎಲೆಯ ನರ ಹಳದಿಗಟ್ಟಿದ ಗಿಡ ಕಂಡರೆ ಕಿತ್ತುಬಿಡಿ, ಬಿಳಿ ನೊಣ ಅದನ್ನು ಬೇರೆ ಗಿಡಗಳಿಗೆ ಹಂಚುತ್ತದೆ. ಬೆಂಡೆ ಬಿಡಲು ಶುರುವಾದ ಮೇಲೆ ದಿನ ಬಿಟ್ಟು ದಿನ ಕೊಯ್ಯಬೇಕು. ಎರಡು ಕಾಯಿ ಬಲಿಯಲು ಬಿಟ್ಟರೂ ಗಿಡ ಹೊಸ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ.

ಮೂಲಂಗಿ, ಕ್ಯಾರೆಟ್ ನೇರ ಬಿತ್ತಬೇಕು, ಸಸಿ ಕಿತ್ತು ನೆಟ್ಟರೆ ಬೇರು ಕವಲೊಡೆಯುತ್ತದೆ. ಕ್ಯಾರೆಟ್ ಬೀಜವನ್ನು ನಾಲ್ಕು ಪಾಲು ಮರಳಿನ ಜೊತೆ ಬೆರೆಸಿ ಉದುರಿಸಿ, ಮೇಲೆ ಒದ್ದೆ ಗೋಣಿ ಹೊದಿಸಿ. ಮೊಳೆಯಲು 10-14 ದಿನ ಬೇಕು. ಮೊಳಕೆ ಕಂಡ ಸಂಜೆಯೇ ಗೋಣಿ ತೆಗೆಯದಿದ್ದರೆ ಸಸಿ ಬಿಳಿಚಿ ಬೀಳುತ್ತದೆ. ಆಮೇಲೆ ಎರಡು-ಮೂರು ಅಂಗುಲಕ್ಕೊಂದು ಉಳಿಸಿ ಉಳಿದದ್ದು ಕೀಳಿ. ಕೀಳಲು ಮನಸ್ಸಾಗದೆ ಬಿಟ್ಟವರಿಗೆ ಸಿಗುವುದು ಹೆಣೆದುಕೊಂಡ ನಾರು. ಕೊತ್ತಂಬರಿ ಬೀಜವನ್ನು ಚಪ್ಪಲಿಯಡಿ ಹೊಸಕಿ ಎರಡು ಹೋಳು ಮಾಡುವ ಹಳೆಯ ಪದ್ಧತಿಯೇ ಸರಿ. ಮೆಂತ್ಯ, ದಂಟು, ಸಬ್ಬಸಿಗೆಯನ್ನು 10 ದಿನಕ್ಕೊಂದು ಕಂತಿನಲ್ಲಿ ಸ್ವಲ್ಪಸ್ವಲ್ಪ ಬಿತ್ತಿದರೆ ಮನೆಗೆ ಸೊಪ್ಪು ತಪ್ಪುವುದಿಲ್ಲ.

ಟೊಮೆಟೊಗೆ ಅರ್ಕಾ ರಕ್ಷಕ್: ಎಲೆ ಮುದುಡು ನಂಜು, ದುಂಡಾಣು ಸೊರಗು, ಆರಂಭದ ಎಲೆಚುಕ್ಕೆ ಮೂರನ್ನೂ ತಡೆಯುವ ಹೈಬ್ರಿಡ್. ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಎತ್ತಿಟ್ಟು ಬಿತ್ತಿದರೆ ಅದೇ ಗುಣ ಬಾರದು. 25 ದಿನದ ಸಸಿ ನೆಟ್ಟು, ಆಗಲೇ ಗೂಟ ಕೊಡಿ. ಕಾಯಿಯ ತಳ ಕಪ್ಪಾಗಿ ಚಪ್ಪಟೆಯಾದರೆ ಅದು ರೋಗವಲ್ಲ. ನೀರು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆದಾಗ ಸುಣ್ಣದ ಅಂಶ ಕಾಯಿಗೆ ತಲುಪುವುದಿಲ್ಲ. ಔಷಧಿ ಹೊಡೆಯದೆ ನೀರನ್ನು ಸಮ ಮಾಡಿ.

ಕೊಯ್ಲು ಮತ್ತು ಆಮೇಲೆ

80-85 ದಿನವಾಗಿ ಕೆಳಗಿನ ಎಲೆ ಹಳದಿಯಾಗತೊಡಗಿದಾಗ ನೀರು ನಿಲ್ಲಿಸಿ. ಒಂದು ವಾರದ ಮೇಲೆ ಕಾಂಡವನ್ನು ನೆಲಮಟ್ಟಕ್ಕೆ ಕತ್ತರಿಸಿ ತೆಗೆದು, ಇನ್ನೂ 8-10 ದಿನ ಗಡ್ಡೆಯನ್ನು ಮಣ್ಣಲ್ಲೇ ಬಿಡಿ. ಸಿಪ್ಪೆ ಬಲಿಯುವುದು ಈ ಹೊತ್ತಿನಲ್ಲಿ. ಒಂದು ಗಡ್ಡೆ ತೆಗೆದು ಹೆಬ್ಬೆರಳಿನಿಂದ ಒತ್ತಿ ಉಜ್ಜಿ: ಸಿಪ್ಪೆ ಜಾರಿ ಬಂದರೆ ಇನ್ನೂ ನಾಲ್ಕು ದಿನ ತಡೆಯಿರಿ.

ಗಿಡದ ಬುಡದಿಂದ ಮುಕ್ಕಾಲು ಅಡಿ ಆಚೆ ಗುದ್ದಲಿ ಇಳಿಸಿ, ಮಣ್ಣನ್ನು ಅಡಿಯಿಂದ ಎಬ್ಬಿಸಿ, ಉಳಿದದ್ದು ಕೈಯಿಂದ. ಗಿಡಕ್ಕೆ 300-400 ಗ್ರಾಂ ಬಂದರೆ ನಮ್ಮ ಹವೆಗೆ ಒಳ್ಳೆಯ ಬೆಳೆ, ಒಂದು ಪಾತಿಗೆ 9ರಿಂದ 12 ಕಿಲೋ. ಗುದ್ದಲಿ ತಾಗಿದ್ದನ್ನು ಅಂದೇ ಪಲ್ಯಕ್ಕೆ ಬಳಸಿ. ಹಸಿರಾದದ್ದರಲ್ಲಿ ಹಸಿರು ಭಾಗವನ್ನು ದಪ್ಪಗೆ ಕೆತ್ತಿ ತೆಗೆಯಬೇಕು, ಪೂರ್ತಿ ಹಸಿರಾಗಿದ್ದರೆ ಎಸೆಯಿರಿ. ಬೇಯಿಸಿದರೆ ಆ ವಿಷ ಹೋಗುವುದಿಲ್ಲ. ಚಿಕ್ಕ ಗಡ್ಡೆಯೆಂದು ಮಣ್ಣಲ್ಲೇ ಬಿಟ್ಟರೆ ಮುಂದಿನ ಮಳೆಗೆ ಚಿಗುರಿ ಹಳೆಯ ರೋಗವನ್ನೆಲ್ಲ ಕಾಪಾಡಿಕೊಂಡು ಬರುತ್ತದೆ, ಎಲ್ಲವನ್ನೂ ಹೆಕ್ಕಿ.

ತೊಳೆಯಬೇಡಿ. ನೆರಳಲ್ಲಿ, ಗಾಳಿಯಾಡುವ ಕಡೆ ಹತ್ತು ದಿನ ಹರಡಿ, ಮಣ್ಣು ತಾನೇ ಉದುರಿದ ಮೇಲೆ ಬುಟ್ಟಿಗೆ ತುಂಬಿ ಕತ್ತಲೆ ಜಾಗದಲ್ಲಿಡಿ. ಬುಟ್ಟಿಯ ತಳಕ್ಕೂ ಮೇಲಕ್ಕೂ ಒಣಗಿದ ಲಂಟಾನ ಅಥವಾ ನೀಲಗಿರಿ ಎಲೆಯನ್ನು ಒಂದಂಗುಲ ದಪ್ಪ ಹರಡಿದರೆ ಗಡ್ಡೆ ಪತಂಗ ಸುಳಿಯುವುದು ಕಡಿಮೆ. ಕಣ್ಣಿನ ಹತ್ತಿರ ಕಪ್ಪು ಹಿಕ್ಕೆ ಕಂಡರೆ ಒಳಗೆ ಹುಳು ಸೇರಿದೆ ಎಂದೇ ಲೆಕ್ಕ, ಅದನ್ನು ಬೇರೆ ಮಾಡಿ. ಮನೆಯ ಉಷ್ಣಾಂಶದಲ್ಲಿ ಅಡುಗೆಗೆ ಎರಡು ತಿಂಗಳು ಇರುತ್ತದೆ.

ಮುಂದಿನ ವರ್ಷಕ್ಕೆ ಬಿತ್ತನೆ ಎತ್ತಿಡುವ ಆಸೆಯಿದ್ದರೆ, ಗಿಡ ಹಸಿರಾಗಿರುವಾಗಲೇ ಎಲೆ ಮುದುಡದ, ಮಚ್ಚೆಯಿಲ್ಲದ ಗಿಡಗಳಿಗೆ ದಾರ ಕಟ್ಟಿ ಗುರುತು ಮಾಡಿ, ಅವುಗಳ ಗಡ್ಡೆಯನ್ನಷ್ಟೇ ಆರಿಸಿ. ಕೊಯ್ಲಾದ ಮೇಲೆ ರಾಶಿಯಿಂದ ಚಿಕ್ಕವನ್ನು ಹೆಕ್ಕಿದರೆ ರೋಗದ ಗಿಡದ್ದೇ ಕೈಗೆ ಬರುತ್ತದೆ, ಏಕೆಂದರೆ ಚಿಕ್ಕ ಗಡ್ಡೆ ಬಿಡುವುದು ಆ ಗಿಡಗಳೇ. ಹೀಗೆ ಎತ್ತಿಟ್ಟದ್ದು ಒಂದು ವರ್ಷ, ಹೆಚ್ಚೆಂದರೆ ಎರಡು ವರ್ಷಕ್ಕೆ ಆದೀತು. ಸಸ್ಯಹೇನು ಪ್ರತಿ ಬೆಳೆಯಲ್ಲೂ ಒಂದಿಷ್ಟು ನಂಜಾಣು ಸೇರಿಸುವುದರಿಂದ ಆಮೇಲೆ ಹೊಸ ಬಿತ್ತನೆ ತರಲೇಬೇಕು.

ಖಾಲಿಯಾದ ಪಾತಿಗೆ ಹೊಸ ಗೊಬ್ಬರ ಬೇಡ, ಆಲೂಗಡ್ಡೆಗೆ ಹಾಕಿದ್ದರಲ್ಲೇ ಇನ್ನೂ ಸಾಕಷ್ಟು ಉಳಿದಿರುತ್ತದೆ. ಫೆಬ್ರವರಿ ಕೊನೆಗೆ ಮಣ್ಣು ಸಮ ಮಾಡಿ ಅಲಸಂದೆ ಬಿತ್ತಿ. ಬೇಸಿಗೆಯ ಬಿಸಿಲನ್ನು ಅದು ತಡೆಯುತ್ತದೆ, ಕಾಯಿ ಮುಗಿದ ಮೇಲೆ ಬೇರು ಅಲ್ಲೇ ಬಿಟ್ಟು ಮೇಲಿನ ಸೊಪ್ಪನ್ನು ಕತ್ತರಿಸಿ ಪಾತಿಗೇ ಹೊದಿಸಿದರೆ ಜೂನ್ ಮಳೆಗೆ ಬೀನ್ಸ್ ಹಾಕಲು ಮಣ್ಣು ತಯಾರಾಗಿರುತ್ತದೆ.